ಕೋಲಾರದ ರೂಮಿನ ಬಸ್ಸಾರು

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ವರ್ಷಗಳಾದವು. ಮಾವಿನ ಕಾಲ ಮುಗಿಯಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದೆ. ಪೊರೆಯೂ ಹೋಯಿತು, ಕಾಗದ ಪೆನ್ನು ಮುಂದಿಟ್ಟುಕೊಂಡು ಕೂತೂ ಆಯಿತು, ಅಷ್ಟರಲ್ಲಿ ಗಿಡಗಳಿಗೆ ನೀರು ಬಿಡುವ ನೆನಪಾಗಿ ಎದ್ದು ಹೋದೆ. ಕರೆಂಟೇ ಇಲ್ಲವೆಂದು ಮೋಟರ್ ಹತ್ತಿರ ಹೋಗಿ ನಿಂತ ಮೇಲೆ ಗೊತ್ತಾಯಿತು. ಆದರೂ ಅಲ್ಲೇ ನಿಂತಿದ್ದೆ.

ಈಗ ತಪ್ಪಿಸಿಕೊಳ್ಳುವಂತಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಬಸ್ಸಾರು ಮಾಡುವುದನ್ನು ಕಲಿತುಬಿಟ್ಟಿದ್ದಾಳೆ!

ಮೊದಲು ನಮ್ಮ ಮನೆಯಲ್ಲಿ ಓಡಾಡುವ ಒಂದು ಕಥೆ ಹೇಳಬೇಕು. ನಾನೇ ಕಟ್ಟಿದ್ದು. ಮುಳಬಾಗಿಲು ತಾಲ್ಲೂಕಿನಲ್ಲಿ ಆವನಿಯ ಹತ್ತಿರ ನಮ್ಮ ಹಳ್ಳಿ. ಅಲ್ಲಿಂದ ಕೋಲಾರಕ್ಕೆ ಹೈಸ್ಕೂಲು ಓದಲು ಹೋದೆ, ರೂಮು ಮಾಡಿಕೊಂಡೆ, ಒಂದು ಸೀಮೆಎಣ್ಣೆ ಸ್ಟೌ, ಎರಡು ಪಾತ್ರೆ ಇಟ್ಟುಕೊಂಡು ಕೈಯಾರೆ ಬೇಯಿಸಿಕೊಂಡು ತಿಂದು ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ, ಅದರಿಂದಲೇ ಶ್ರೀನಿವಾಸಪುರದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು, ಈ ಮನೆಯೂ ಆಯಿತು. ಇದು ಆ ಕಥೆ. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಟ್ಟರೆ ಈ ಕಥೆ, ಮೊಮ್ಮಕ್ಕಳು ಪರೀಕ್ಷೆಗೆ ಹೆದರಿದರೆ ಈ ಕಥೆ. ಹೇಳುತ್ತಾ ಹೇಳುತ್ತಾ ನನಗೇ ಅದು ನಿಜವೆನಿಸಿತ್ತು.

ಆ ರೂಮಿನಲ್ಲಿ ಎರಡು ವರ್ಷ ಅಡುಗೆ ಮಾಡಿದವಳು ನನ್ನ ತಂಗಿ. ಕಥೆಯಲ್ಲಿ ಅವಳನ್ನು ನಾನು ಸೇರಿಸಲೇ ಇಲ್ಲ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮೊಮ್ಮಗಳ ವಿಡಿಯೋ ಕಾಲ್ ಬಂತು. ಮಗಳ ಮಗಳು, ಮಣ್ಣಿನ ವಿಷಯದಲ್ಲಿ ಎಂಎಸ್ಸಿ ಓದಲು ಹೋಗಿದ್ದಾಳೆ. ಮುಖ ಸಣ್ಣಗಾಗಿತ್ತು.

"ಏನ್ ತಿಂದೆ ಇವತ್ತು?" ಅಂದೆ.

"ಬ್ರೆಡ್ಡು."

"ನಿನ್ನೆ?"

"ಅದೇ ಬ್ರೆಡ್ಡಿನ ಇನ್ನೊಂದ್ ತುದಿ."

ನಗುತ್ತಾಳೆಂದುಕೊಂಡೆ, ನಗಲಿಲ್ಲ. ಹೊರಗೆ ತಿಂದರೆ ಕೈಯಲ್ಲಿ ಇದ್ದದ್ದೆಲ್ಲ ಖಾಲಿಯಾಗುತ್ತದೆ, ಅಡುಗೆ ಬರುವುದಿಲ್ಲ, ಹೊಟ್ಟೆ ಖಾಲಿ ಇಟ್ಟುಕೊಂಡು ಓದಿದ್ದು ತಲೆಗೆ ಹೋಗುವುದಿಲ್ಲ. "ಅಮ್ಮಂಗೆ ಹೇಳಿದ್ರೆ ಮೊದ್ಲು ಅಳ್ತಾಳೆ, ಆಮೇಲೆ ವಾಪಸ್ ಬಾ ಅಂತಾಳೆ. ನಂಗೂ ಹಂಗೇ ಅನ್ನಿಸ್ತೈತೆ ತಾತ, ಬಂದ್ಬಿಡೋಣ ಅಂತ," ಎಂದಳು. ಆಮೇಲೆ ಫೋನು ತಿರುಗಿಸಿ ತನ್ನ ಅಡುಗೆ ಮೂಲೆ ತೋರಿಸಿದಳು. ಒಂದೇ ಒಂದು ಕರೆಂಟು ಒಲೆ, ಎರಡು ಪಾತ್ರೆ. ಕುಕ್ಕರ್ ಇಲ್ಲ, ಮಿಕ್ಸಿ ಇಲ್ಲ. "ನೋಡು, ಥೇಟ್ ನಿನ್ ಕೋಲಾರದ ರೂಮು! ನೀನ್ ಮಾಡ್ಕೊಂಡ್ ತಿಂದಿಲ್ವಾ? ನಂಗೂ ಹೇಳ್ಕೊಡು ತಾತ."

ನಾನೇ ಕಟ್ಟಿದ ಕಥೆಯೊಳಗೆ ನಾನೇ ಸಿಕ್ಕಿಬಿದ್ದೆ.

"ಅದಕ್ಕೇನಂತೆ! ಇವತ್ತೊಂದ್ ಸ್ವಲ್ಪ ಕೆಲ್ಸ ಐತೆ. ನಾಳೆ ಇದೇ ಹೊತ್ಗೆ ಫೋನ್ ಮಾಡು," ಎಂದೆ. ನನಗೆ ಯಾವ ಕೆಲಸವೂ ಇರಲಿಲ್ಲ.

ಸೊಸೆಯನ್ನು ಕೇಳಬಹುದಿತ್ತು. ಆದರೆ ಅವಳ ಅಡುಗೆಯೆಲ್ಲ ಕುಕ್ಕರ್ ಮಿಕ್ಸಿಯ ಮೇಲೇ ನಡೆಯುವುದು. ನನ್ನ ಹೆಂಡತಿ ಇದ್ದಿದ್ದರೆ ಅವಳೂ ಮೂರು ಒಲೆಯವಳೇ. ಒಂದು ಒಲೆ, ಎರಡು ಪಾತ್ರೆಯಲ್ಲಿ ಹೊಟ್ಟೆ ತುಂಬಿಸುವುದು ಹೇಗೆಂದು ಗೊತ್ತಿದ್ದವಳು ಒಬ್ಬಳೇ. ಮಾಲೂರು ತಾಲ್ಲೂಕಿನ ಟೇಕಲ್‌ಗೆ ಫೋನು ಮಾಡಿದೆ. ತಂಗಿಯನ್ನು ಕೊಟ್ಟಿರುವುದು ಅಲ್ಲಿಗೆ.

"ಹಲೋ, ಯಾರ್ ಹೋಗ್ಬಿಟ್ರು?" ಎಂದಳು ಎತ್ತಿದ ತಕ್ಷಣ. ಸಾವಿನ ಸುದ್ದಿ ಬಿಟ್ಟು ಬೇರೆ ಯಾವುದಕ್ಕೂ ನಾನು ಅವಳಿಗೆ ಫೋನು ಮಾಡಿದವನಲ್ಲ.

"ಯಾರೂ ಇಲ್ಲ. ಒಂದೇ ಒಲೆ ಮೇಲೆ ಅನ್ನ, ಬೇಳೆ ಎರಡೂ ಮಾಡೋದ್ ಹೆಂಗೆ?"

"ಅಣ್ಣಯ್ಯ, ಹುಷಾರಾಗಿದ್ದೀಯ ತಾನೆ? ಸೊಸೆ ಏನಾದ್ರೂ ಹೊರಗ್ ಹಾಕಿದ್ಲಾ?"

ವಿಷಯ ಹೇಳಿದೆ. ಆ ಹುಡುಗಿ ಇದನ್ನು ನಿನ್ನನ್ನೇ ಏಕೆ ಕೇಳಿದಳು ಎಂದು ಅವಳು ಕೇಳಬಹುದೆಂದು ಹೆದರಿದ್ದೆ. ಕೇಳಲಿಲ್ಲ. ನೇರವಾಗಿ ಅಡುಗೆಗೆ ಇಳಿದಳು. "ಬೇಳೆ ಪಾತ್ರೆ ಬಾಯಿಗೆ ತಟ್ಟೆ ಮುಚ್ಬೇಡ. ಅನ್ನಕ್ಕೆ ನೀರಿಟ್ಟಿರೋ ಪಾತ್ರೇನೇ ಅದ್ರ ಮೇಲೆ ಕೂರ್ಸು. ಕೆಳಗೆ ಬೇಳೆ ಬೇಯೋ ಅಷ್ಟೊತ್ಗೆ ಮೇಲಿನ ನೀರೂ ಕಾದಿರ್ತದೆ. ಆಮೇಲೆ ಬೇಳೆ ಇಳ್ಸಿ ಅದನ್ನ ಇಡು, ಅಕ್ಕಿ ಹಾಕು. ಒಲೆ ಉರಿದಿದ್ದು ವೇಸ್ಟ್ ಆಗಲ್ಲ."

ಮರುದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ನಾನೇ ಮೊದಲು ಮಾಡಿ ನೋಡಿದೆ. ಅನುಭವವಿಲ್ಲದೆ ಹೇಳಿದರೆ ಆ ಹುಡುಗಿಯ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಒಂದೊಂದು ಅಗುಳೂ ಬಿಡಿಬಿಡಿಯಾಗಿ ನಿಂತಿತ್ತು! ತೋರಿಸಲು ಮನೆಯಲ್ಲಿ ಯಾರೂ ಇಲ್ಲ. ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಹೋಗಿ ಪಕ್ಕದ ಮನೆಯವರನ್ನು ಕೂಗಿದೆ.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಟೇಕಲ್‌ಗೆ ಫೋನು, ಹಗಲು ನನ್ನ ಪ್ರಯೋಗ, ನಮಗೆ ಸಂಜೆ ಇಳಿಯುವ ಹೊತ್ತಿಗೆ ಜರ್ಮನಿಯ ಮಧ್ಯಾಹ್ನ, ಪಾಠ. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಎದ್ದರೆ ಏನೋ ಕಾದಿದೆ ಎಂದು ಅನ್ನಿಸಿದ್ದು ಅದೇ ಮೊದಲು. ಮೊಮ್ಮಗಳು ಟರ್ಕಿಯವರ ಅಂಗಡಿ ಹುಡುಕಿದಳು. ಅಲ್ಲಿ ಬೇಳೆ ಅಗ್ಗ, ಪಾಲಕ್ ಸೊಪ್ಪು ಅಗ್ಗ, ಈರುಳ್ಳಿ ಮೂಟೆಗಟ್ಟಲೆ. ಟೊಮೆಟೊ ಗೊಜ್ಜು ಕಲಿತಳು, ಬೆಳ್ಳುಳ್ಳಿ ಒಗ್ಗರಣೆಯ ಬೇಳೆ ಕಲಿತಳು, ಉಳಿದ ಅನ್ನಕ್ಕೆ ನಿಂಬೆಹಣ್ಣು ಹಿಂಡುವುದು ಕಲಿತಳು. ಮಿಕ್ಸಿ ಇಲ್ಲವಲ್ಲ, ಖಾರ ಅರೆಯುವುದು ಹೇಗೆ ಎಂದಾಗ ಟೇಕಲ್‌ಗೆ ಫೋನು ಮಾಡಿದೆ. "ಸೀಸೆ ಇಲ್ವಾ ಅವಳ ಹತ್ರ? ಸೀಸೆ ತಳದಲ್ಲಿ ಜಜ್ಜೋಕೆ ಹೇಳು. ಕೋಲಾರದಲ್ಲಿ ನಂಗೇನ್ ಒರಳುಕಲ್ಲು ಇಟ್ಟಿದ್ಯಾ ನೀನು?" ಎಂದಳು ತಂಗಿ. ಅದನ್ನು ಮೊಮ್ಮಗಳಿಗೆ ದಾಟಿಸುವಾಗ ಕೊನೆಯ ಮಾತನ್ನು ಬಿಟ್ಟೆ.

ಸೂಟ್‌ಕೇಸಿನ ತಳದಲ್ಲಿ ಅವಳಮ್ಮ ತುರುಕಿದ್ದ ರಾಗಿ ಹಿಟ್ಟು ಹೊರಬಂತು. ಮುದ್ದೆ ತೊಳಸುವಾಗ ಆ ಹಾಸ್ಟೆಲ್ ಮಹಡಿಯ ಮರದ ಸೌಟು ಎರಡು ತುಂಡಾಯಿತು. "ತಾತ, ಇದು ಇಲ್ಲಿ ಎಲ್ಲರಿಗೂ ಸೇರಿದ್ ಸೌಟು!" ಎಂದು ಅವಳು ಕಿರುಚಿದರೆ, "ಸೌಟು ಬಿಡು, ಹಿಟ್ಟು ಗಂಟಾಗ್ತದೆ, ಕೈ ಬಿಡ್ಬೇಡ!" ಎಂದು ನಾನೂ ಇಲ್ಲಿಂದ ಕಿರುಚಿದೆ. ಮುರಿದ ತುಂಡಿನಲ್ಲೇ ತೊಳಸಿ ಮುದ್ದೆ ಕಟ್ಟಿದಳು. ವಾಪಸ್ ಬರುವ ಮಾತು ಆ ದಿನದಿಂದ ನಿಂತಿತು.

ಆಮೇಲೆ ಬಸ್ಸಾರು. ಮುದ್ದೆ ಮಾಡಿದ ಮೇಲೆ ಅದನ್ನು ಕೇಳದಿರುತ್ತಾಳೆಯೇ? ಬಡವರ ಮನೆಗೆ ಹೇಳಿ ಮಾಡಿಸಿದ ಅಡುಗೆ ಅದು. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿಯಬೇಕು. ಬಸಿದ ನೀರಿಗೆ ನಮ್ಮಲ್ಲಿ ಕಟ್ಟು ಎನ್ನುತ್ತಾರೆ. ಆ ಕಟ್ಟಿಗೆ ಖಾರ, ಹುಳಿ ಸೇರಿಸಿ ಕುದಿಸಿದರೆ ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ ಬೆಂದರೆ ಎರಡು ಬಗೆ.

ಒಲೆಯ ಎದುರು ಫೋನು ನಿಲ್ಲಿಸಿಕೊಂಡಿದ್ದಳು. "ಬೆಂತು ತಾತ."

"ಹಂಗಾದ್ರೆ ಬಸಿ."

ಜರಡಿ ತೆಗೆದುಕೊಂಡು ಸಿಂಕಿನ ಕಡೆ ತಿರುಗಿದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಸುರಿಯುವ ಸದ್ದು ಕೇಳಿತು. ಜರಡಿ ಹಿಡಿದುಕೊಂಡು ನಗುತ್ತಾ ತಿರುಗಿದಳು. "ಬಸಿದೆ!"

"ಕಟ್ಟೆಲ್ಲಿ?"

"ಯಾವ ಕಟ್ಟು? ನೀರಾ? ಚೆಲ್ಲಿದೆ."

"ಅಯ್ಯೋ, ಸಾರು ಹೋಯ್ತಲ್ಲೇ! ಸಾರು ಹೋಯ್ತು!" ನಾನು ಕೂಗಿದ ಕೂಗಿಗೆ ಸೊಸೆ ಒಳಗಿನಿಂದ ಓಡಿಬಂದಳು. ಅಲ್ಲಿ ಎಲ್ಲರೂ ಪಾಸ್ತಾ ಬೇಯಿಸಿ ನೀರನ್ನು ಸಿಂಕಿಗೆ ಸುರಿಯುತ್ತಾರಂತೆ, ಅದನ್ನೇ ನೋಡಿ ನೋಡಿ ಇವಳಿಗೆ ಅಭ್ಯಾಸವಾಗಿದೆ. ಜರಡಿಯಲ್ಲಿ ಉಳಿದ ಕಾಳು ಸೊಪ್ಪನ್ನು ನೋಡುತ್ತಾ ಅವಳು, ಅವಳನ್ನು ನೋಡುತ್ತಾ ನಾನು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ದಿನ ಬರೀ ಪಲ್ಯ ತಿಂದಳು.

ಅದೇ ಸಂಭ್ರಮದಲ್ಲಿ ಟೇಕಲ್‌ಗೆ ಫೋನು ಮಾಡಿ ಹೇಳಿದೆ. ತಂಗಿ ಕೆಮ್ಮು ಹತ್ತುವ ತನಕ ನಕ್ಕಳು. ಆಮೇಲೆ ಅಂದಳು: "ನಿನ್ನ ಮೊಮ್ಮಗ್ಳೇ ಬಿಡು! ನೀನೂ ಹಂಗೇ ಚೆಲ್ಲಿರ್ಲಿಲ್ವಾ ಅಣ್ಣಯ್ಯ? ಅಪ್ಪ ಬಂದಿದ್ ದಿವ್ಸ, ಕೋಲಾರದಲ್ಲಿ, ಚರಂಡಿಗೆ. ಅಪ್ಪ ಊರಿಗ್ ಬಂದು ಹೇಳ್ದಾಗ ನಾವೆಲ್ಲ ಎಷ್ಟ್ ನಕ್ಕಿದ್ವಿ! ಪಾಪ, ನಿಂಗೇನ್ ಗೊತ್ತಿತ್ತು."

ಏನೋ ನೆಪ ಹೇಳಿ ಫೋನು ಇಟ್ಟೆ.

ನನಗೆ ಗೊತ್ತಿತ್ತು. ನಾನು ಹೇಳದೆ ಉಳಿಸಿಕೊಂಡಿರುವುದು ಅದನ್ನೇ.

ಕೋಲಾರಕ್ಕೆ ಕಳಿಸುವ ಮೊದಲು ಅಮ್ಮ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಎಲ್ಲವನ್ನೂ ಕಲಿಸಿದ್ದಳು. ಮುದ್ದೆಯೂ ಬರುತ್ತಿತ್ತು, ಬಸ್ಸಾರೂ ಬರುತ್ತಿತ್ತು. ಇನ್ನೂ ನಿಜ ಹೇಳಬೇಕೆಂದರೆ ಮೊದಮೊದಲು ಅದರಲ್ಲಿ ಖುಷಿಯೂ ಇತ್ತು. ಸ್ಟೌಗೆ ಪಂಪು ಹೊಡೆದು, ನೀಲಿ ಉರಿ ಭುಸ್ಸೆಂದು ಎದ್ದಾಗ ನಾನೊಬ್ಬ ದೊಡ್ಡ ಮನುಷ್ಯನೆನಿಸುತ್ತಿತ್ತು. ಆದರೆ ಪಾತ್ರೆ ತೊಳೆಯುವುದು ಬೀದಿಯ ನಲ್ಲಿಯಲ್ಲಿ. ನನ್ನ ಕ್ಲಾಸಿನ ಹುಡುಗರು ಅಲ್ಲೇ ಹಾದು ಹೋಗುತ್ತಿದ್ದರು. "ಏನ್ಲಾ, ಸೀರೆ ಯಾವಾಗ ಉಡ್ತೀಯ?" ಎಂದು ಒಬ್ಬ ಕೇಳಿದ. ಮಾರನೆಯ ದಿನ ಕ್ಲಾಸಿನಲ್ಲಿ ನನ್ನನ್ನು ಅತ್ತಿಗೆ ಎಂದು ಕರೆಯತೊಡಗಿದರು.

ಅಪ್ಪ ಸಂತೆಯ ದಿನ ರಾಗಿ, ಸೊಪ್ಪು ಹೊತ್ತುಕೊಂಡು ಬಂದರು. ಅವರು ತಂದ ದಂಟಿನ ಸೊಪ್ಪನ್ನೇ ಬೇಯಿಸಿದೆ. ಬೆಂದ ಮೇಲೆ ಪಾತ್ರೆಯನ್ನು ಹೊರಗೆ ತೆಗೆದುಕೊಂಡು ಹೋಗಿ, ಕಟ್ಟನ್ನು ಚರಂಡಿಗೆ ಬಸಿದೆ. ಹಸಿರುಗೆಂಪು ನೀರು, ಆವಿಯಾಡುತ್ತಾ ಹೋಯಿತು, ಎಂಥ ಪರಿಮಳ! ಈಗಲೂ ಆ ವಾಸನೆ ಮೂಗಿನಲ್ಲಿದೆ. ಒಳಗೆ ಬಂದು ಬರೀ ತಣ್ಣೀರಿಗೆ ಖಾರ ಕದಡಿ ಕುದಿಸಿದೆ. ಮುದ್ದೆಯನ್ನು ಬೇಕೆಂದೇ ಗಂಟು ಗಂಟಾಗಿ ಬಿಟ್ಟೆ.

ಅಪ್ಪ ಒಂದು ತುತ್ತು ನುಂಗಿ ತಟ್ಟೆಯನ್ನೇ ನೋಡುತ್ತಾ ಕೂತರು. "ಕಟ್ಟೇನ್ ಮಾಡ್ದೆ?" ಎಂದರು.

"ಚೆಲ್ಲಿದೆ. ಅದನ್ನ ಇಟ್ಕೋಬೇಕಾ?" ಎಂದೆ.

"ಇಷ್ಟ್ ದಿನ ಇದನ್ನೇ ತಿಂತಿದ್ಯೇನಪ್ಪಾ?"

ತಲೆ ತಗ್ಗಿಸಿದೆ. "ನಂಗೆ ಬರಲ್ಲ ಅಪ್ಪ. ಅವಳನ್ನ ಕಳ್ಸು."

ಅವಳು ಆಗ ಏಳನೇ ಕ್ಲಾಸು. ಊರ ಸ್ಕೂಲಿನಲ್ಲಿ ಅವಳಷ್ಟು ಚೆನ್ನಾಗಿ ಓದುವವರು ಇರಲಿಲ್ಲ. ಮೇಷ್ಟ್ರು ಮನೆಗೇ ಬಂದು, ಪಬ್ಲಿಕ್ ಪರೀಕ್ಷೆಯಾದರೂ ಮುಗಿಯಲಿ ಎಂದು ಕೇಳಿಕೊಂಡರಂತೆ. ಅಲ್ಲೇ ಕೋಲಾರದಲ್ಲಿ ಸೇರಿಸ್ತೀವಿ ಎಂದು ಅಪ್ಪ ಹೇಳಿದರಂತೆ. ಅವಳು ಅದನ್ನು ನಂಬಿಕೊಂಡು ಬಂದಳು. ಬಸ್ಸಿನಿಂದ ಇಳಿದಾಗ ಕೈಯಲ್ಲಿದ್ದ ಚೀಲದಲ್ಲಿ ಮೇಲೆಯೇ ಮಡಿಸಿಟ್ಟ ಸ್ಕೂಲು ಲಂಗ. "ಅಣ್ಣಯ್ಯ, ನನ್ ಸ್ಕೂಲು ಎಲ್ಲಿ? ದೂರಾನಾ?" ಎಂದು ದಾರಿಯುದ್ದಕ್ಕೂ ಕೇಳಿದಳು. ಈ ತಿಂಗಳು ಹೋಗಲಿ ಎಂದೆ. ಹಬ್ಬ ಕಳೆಯಲಿ ಎಂದೆ. ಸೇರಿಸಿದರೆ ಅಡುಗೆ ಮತ್ತೆ ನನ್ನ ತಲೆಗೆ ಬರುತ್ತಿತ್ತು. ಯಾವಾಗಲೋ ಒಂದು ದಿನ ಅವಳು ಕೇಳುವುದನ್ನು ನಿಲ್ಲಿಸಿದಳು. ಅದು ಯಾವಾಗ ಎಂಬುದನ್ನೂ ನಾನು ಗಮನಿಸಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬೀದಿಯ ನಲ್ಲಿಯಲ್ಲಿ ಪಾತ್ರೆ ತೊಳೆಯುವವಳು ಅವಳು, ನಾನು ಆ ಕಡೆ ನೋಡದೆ ಹುಡುಗರ ಜೊತೆ ಹಾದು ಹೋಗುತ್ತಿದ್ದೆ. ನಾನು ಪಾಸಾದೆ, ರೂಮು ಬಿಟ್ಟೆವು, ಸ್ವಲ್ಪ ವರ್ಷಕ್ಕೆ ಅವಳನ್ನು ಟೇಕಲ್‌ಗೆ ಕೊಟ್ಟರು.

ಇಲ್ಲಿ ಮೊಮ್ಮಗಳು ಎರಡನೇ ಸಲ ಬಸ್ಸಾರು ಮಾಡಿದಳು. ಕಟ್ಟನ್ನು ಪಾತ್ರೆಗೆ ಹಿಡಿದಳು, ಸೀಸೆಯ ತಳದಲ್ಲಿ ಬೆಳ್ಳುಳ್ಳಿ ಮೆಣಸು ಜೀರಿಗೆ ಜಜ್ಜಿದಳು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಕುಣಿದಳು, ಫೋನನ್ನೂ ಕುಣಿಸಿದಳು, ನನಗೆ ತಲೆ ತಿರುಗಿತು. ಆಮೇಲೆ ಹೇಳಿದಳು: "ತಾತ, ಈ ಭಾನುವಾರ ನಮ್ ಮಹಡಿಯವ್ರಿಗೆಲ್ಲ ಊಟ ಹಾಕ್ತೀನಿ. ಒಂದ್ ಒಲೇಲಿ ಅಡುಗೆ ಮಾಡ್ಕೊಂಡು ಓದಿದ ಹುಡುಗನ ಕಥೆ ಹೇಳ್ತೀನಿ. ನೀನ್ ಲೈನಲ್ಲಿ ಇರ್ಬೇಕು. ಎಲ್ರೂ ನಿನ್ನ ನೋಡ್ಬೇಕು ಅಂತಾವ್ರೆ."

ಇಲ್ಲಿಯ ತನಕ ಆ ಸುಳ್ಳು ನಮ್ಮ ಮನೆಯೊಳಗೆ ಇತ್ತು. ಈಗ ಊರೂರಿನ ಮಕ್ಕಳ ಮುಂದೆ ಹೋಗಿ ಕೂರಲಿತ್ತು. ಹೇಳುವುದಾದರೆ ಭಾನುವಾರವೇ ಹೇಳಬೇಕು, ತಂಗಿಯೂ ಪಕ್ಕದಲ್ಲಿರಬೇಕು. ಅವಳನ್ನು ಕರೆದೆ.

ಮಾಲೂರು, ಕೋಲಾರ ಸುತ್ತಿಕೊಂಡು ಮೂರು ಬಸ್ಸು ಬದಲಾಯಿಸಿ ಬಂದಳು. ಚೀಲದ ತುಂಬ ದಂಟಿನ ಸೊಪ್ಪು.

"ಜರ್ಮನಿಗೆ ಸೊಪ್ಪು ತಂದ್ಯೇನೇ?" ಎಂದೆ.

"ಆ ಹುಡ್ಗೀಗ್ಯಾಕೆ, ಅವ್ಳು ಕಲ್ತಾಯ್ತು. ಇದು ನಿಂಗೆ. ನೀನ್ ಮಾಡು, ನಾನ್ ಕೂತ್ಕೊಂಡ್ ನೋಡ್ತೀನಿ."

ಹಾಗೇ ಆಯಿತು. ಅಲ್ಲಿ ಮೊಮ್ಮಗಳು, ಇಲ್ಲಿ ನಾನು, ನಡುವೆ ಫೋನು. ತಂಗಿ ಸ್ಟೂಲಿನ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದಳು. "ಅಣ್ಣಯ್ಯ, ಸೊಪ್ಪು ಹಂಗ್ ಕಿವುಚ್ಬೇಡ, ಅದೇನ್ ಬಟ್ಟೇನಾ? ಲೇ ಹುಡ್ಗಿ, ಕಾಳು ಕರಗೋ ತಂಕ ಬೇಯ್ಸಬೇಡ್ವೇ, ಬಸಿಯಕ್ಕೆ ಬರಲ್ಲ!" ಬಸಿಯುವ ಹೊತ್ತು ಬಂತು. ಕೆಳಗೆ ದೊಡ್ಡ ಪಾತ್ರೆ ಇಟ್ಟು, ಒಂದು ತೊಟ್ಟೂ ಹೊರಗೆ ಬೀಳದಂತೆ ಬಸಿದೆ. ಹಸಿರುಗೆಂಪು ನೀರು ಇಳಿಯಿತು. ಅದೇ ಪರಿಮಳ.

"ಪರವಾಗಿಲ್ವೇ! ಕೈ ಚೆನ್ನಾಗಿ ಕೂತದೆ," ಎಂದಳು ತಂಗಿ.

ಅಲ್ಲಿ ಉದ್ದನೆಯ ಮೇಜಿನ ಸುತ್ತ ಹುಡುಗ ಹುಡುಗಿಯರು. ಮುದ್ದೆಯನ್ನು ಹಲ್ಲಿಗೆ ತಾಗಿಸದೆ ನುಂಗುವುದನ್ನು ಮೊಮ್ಮಗಳು ತೋರಿಸಿಕೊಟ್ಟಳು. ಒಬ್ಬ ಹುಡುಗ ಜಗಿದು ಜಗಿದು ಸುಸ್ತಾದ. ಸಾರು ಎರಡನೇ ಸಲ ಹಾಕಿಸಿಕೊಂಡರು! ಆಮೇಲೆ ಅವಳು ನಿಂತುಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಕೋಲಾರ ಎಂಬ ಮಾತು ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

"ನಾನಲ್ಲ," ಎಂದೆ. ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ. "ನಾನಲ್ಲಮ್ಮ, ಇವಳು!" ಫೋನನ್ನು ತಂಗಿಯ ಕಡೆ ತಿರುಗಿಸಿದೆ. "ಆ ರೂಮಲ್ಲಿ ಎರಡ್ ವರ್ಷ ಬೇಯ್ಸಿ ಹಾಕಿದ್ದು ಇವಳು. ನಿಂಗೆ ಹೇಳ್ಕೊಟ್ಟಿದ್ದೆಲ್ಲಾನೂ ಇವಳದ್ದೇ. ನನ್ ಓದಿಗೋಸ್ಕರ ಇವಳ ಸ್ಕೂಲ್ ಬಿಡ್ಸಿದ್ವಿ."

ಮೊಮ್ಮಗಳು ಮೇಜಿನ ಸುತ್ತ ಕೂತವರನ್ನು ನೋಡಿ, "ಇದನ್ನೂ ಹೇಳ್ಲಾ ತಾತ, ಇವ್ರಿಗೆ?" ಎಂದಳು.

"ಹೇಳು."

ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ಫೋನಿನ ಹತ್ತಿರ ಬಂದು, ಖಾಲಿ ತಟ್ಟೆಯನ್ನು ನನ್ನ ತಂಗಿಗೆ ತೋರಿಸಿ ನಕ್ಕಳು.

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ನಾಚಿಕೆಯಾದರೂ ಸಿಟ್ಟು ಬಂದರೂ ತೆಲುಗು ಬರುತ್ತದೆ. "ಚಾಲ್ಲೇ ಅಣ್ಣಾ, ಸಾಕು ಸುಮ್ನಿರು," ಎಂದಳು. ಆಮೇಲೆ ನನಗೆ ಅವಮಾನವಾಯಿತೆಂದು ಅವಳಿಗೆ ಅನ್ನಿಸಿರಬೇಕು. ಫೋನಿನ ಹತ್ತಿರ ಬಾಗಿ ಮೊಮ್ಮಗಳಿಗೆ ಹೇಳಿದಳು: "ನಿಮ್ ತಾತಂದೇನೂ ತಪ್ಪಿಲ್ಲ ಕಣಮ್ಮ. ಪಾಪ ಅವ್ನಿಗೆ ಬರ್ತಿರ್ಲಿಲ್ಲ. ಕಟ್ಟನ್ನೇ ಚರಂಡಿಗೆ ಚೆಲ್ಲಿದ್ದ, ಥೇಟ್ ನಿನ್ ಥರಾನೇ! ಅದಕ್ಕೇ ನಾನ್ ಹೋಗ್ಬೇಕಾಯ್ತು."

ಮೊಮ್ಮಗಳು ನಕ್ಕಳು. ಅದನ್ನೂ ಅವರಿಗೆ ಹೇಳಿದಳು. ಅವರೂ ನಕ್ಕರು, ಪಾಸ್ತಾ ನೀರಿನ ಕಥೆ ಅವರಿಗೂ ಗೊತ್ತಿತ್ತು. ನನ್ನನ್ನು ಕಾಪಾಡಿದೆನೆಂಬ ಖುಷಿಯಲ್ಲಿ ತಂಗಿ ನನ್ನ ಮುಖ ನೋಡಿದಳು. ನಾನೂ ನಕ್ಕೆ.

ನಾನು ನಕ್ಕ ಆ ನಗುವಿನಿಂದಾಗಿಯೇ ಇದನ್ನು ಬರೆಯುತ್ತಿರುವುದು. ಅಷ್ಟು ಹೇಳಿದವನಿಗೆ ಇನ್ನೊಂದು ಮಾತು ಹೇಳುವುದು ಕಷ್ಟವಿತ್ತೇ? ಊಟವಾದ ಮೇಲೆ ಹೇಳೋಣ ಎಂದುಕೊಂಡೆ. ಅವಳು ನಾನು ಮಾಡಿದ ಸಾರನ್ನು ಸುರಿದುಕೊಂಡು ಸುರಿದುಕೊಂಡು ಉಂಡಳು, ತಟ್ಟೆಯಲ್ಲಿ ಉಳಿದದ್ದನ್ನು ಎತ್ತಿ ಕುಡಿದಳು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹೇಳೋಣ ಎಂದುಕೊಂಡೆ. ಕೋಲಾರದ ಬಸ್ಸು ಬೇಗ ಬಂದುಬಿಟ್ಟಿತು. ಕಿಟಕಿಯಿಂದ ಕೈ ಹೊರಗೆ ಹಾಕಿ, "ಮುಂದಿನ್ ಸಲ ಹುಣಸೆಹಣ್ಣು ಕಮ್ಮಿ ಹಾಕು!" ಎಂದು ಕೂಗಿದಳು.

ನನಗೆ ಅಡುಗೆ ಬರುತ್ತಿತ್ತು. ಕಟ್ಟನ್ನು ಬೇಕೆಂದೇ ಚೆಲ್ಲಿದೆ. ಏಳನೇ ಕ್ಲಾಸಿನ ತನಕ ಓದಿದ್ದಾಳೆ, ಈ ಎರಡು ಸಾಲು ಅವಳೇ ಓದಿಕೊಳ್ಳಬಲ್ಲಳು. ಹೆಂಡತಿಯ ಹತ್ತಿರ, ಮಕ್ಕಳ ಹತ್ತಿರ, ಆಫೀಸಿನಲ್ಲಿ, ಈ ಬಾಳಿನಲ್ಲಿ ಎಷ್ಟೋ ಜನರ ಹತ್ತಿರ ತಪ್ಪಾಯಿತು ಎಂದಿದ್ದೇನೆ. ಹೇಳದೆ ಉಳಿದಿರುವುದು ಒಬ್ಬಳಿಗೆ, ನನ್ನ ತಂಗಿಗೆ.